ಅರ್ಧ ಕಿಲೋಮೀಟರ್ ಮುತ್ತಿನ ಹಾರ

ಗಂಡಹೆಂಡಿರ ಸರಸದಲ್ಲಿ ಹೆಂಡತಿಯ ಮುತ್ತಿನ ಹಾರ ಕಿತ್ತುಹೋಗುತ್ತದೆ. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕೈ ಸೇರಿತು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಮಿಕ್ಕಿದ್ದರಲ್ಲಿ ಅರ್ಧ, ಮತ್ತೆ ಮಿಕ್ಕಿದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಿ ಇಲ್ಲಿ ಚದುರಿ, ಕಡೆಗೆ 1,161 ಮುತ್ತು ಉಳಿದವು. ಹಾರದಲ್ಲಿ ಮೊದಲು ಎಷ್ಟಿದ್ದವು? ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಾಕಿದ ಲೆಕ್ಕ ಇದು. ಮೊದಲೆರಡು ಪಾಲು ಸೇರಿದರೆ ಸರಿಯಾಗಿ ಅರ್ಧ. ಉಳಿದರ್ಧವನ್ನು ಆರು ಸಲ ಅರ್ಧ ಮಾಡಿದರೆ ಸಿಗುವುದು ಇಡೀ ಹಾರದ 128ನೇ ಒಂದು ಪಾಲು. ಅದು 1,161 ಆದರೆ ಒಟ್ಟು 1,48,608 ಮುತ್ತು. ಒಂದೊಂದೂ ಮೂರೇ ಮಿಲಿಮೀಟರ್ ಅಂದುಕೊಂಡರೂ ಹಾರದ ಉದ್ದ 445 ಮೀಟರ್ ದಾಟುತ್ತದೆ. ಅಷ್ಟನ್ನು ಕೊರಳಿಗೆ ಸುತ್ತಿಕೊಂಡವಳಿಗೆ ಸರಸಕ್ಕೆ ಉಸಿರಾದರೂ ಎಲ್ಲಿತ್ತು ಎಂದು ಮಾತ್ರ ಕೇಳಬಾರದು. ಲೆಕ್ಕದ ಪುಸ್ತಕಗಳಿಗೆ ಈ ಚಾಳಿ ಹಳೆಯದು.

"ಇದೆಲ್ಲ ಜೀವನದಲ್ಲಿ ಎಲ್ಲಪ್ಪಾ ಬರುತ್ತೆ?" ಎಂದು ಹತ್ತನೇ ಕ್ಲಾಸಿನ ಮಗಳು ಕೇಳಿದಾಗ ಈ ಲೇಖಕನಿಗೆ ಮಹಾವೀರಾಚಾರ್ಯನೇ ನೆನಪಾಗಲು ಕಾರಣವಿದೆ. ಆ ಪ್ರಶ್ನೆಗೆ ಆತ ಪುಸ್ತಕದ ಆರಂಭದಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಾನೆ. ಗಣಿತ ಎಲ್ಲೆಲ್ಲಿ ಬೇಕು ಎಂಬ ಅವನ ಪಟ್ಟಿಯಲ್ಲಿ ಕಾಮಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಎಲ್ಲವೂ ಇವೆ. ಸೂರ್ಯಚಂದ್ರರ ಗ್ರಹಣವೂ ಉಂಟು. ಮುನ್ನುಡಿ ಬರೆಯುವವರ ಉತ್ಸಾಹವನ್ನು ಸ್ವಲ್ಪ ಕಳೆದು ಓದಿಕೊಳ್ಳಬೇಕು, ನಿಜ. ಆದರೂ ಅಡುಗೆಮನೆಯನ್ನು ಮರೆಯದ ಗಣಿತಜ್ಞನನ್ನು ಮೆಚ್ಚಲೇಬೇಕು.

ಆತ ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಇವತ್ತು ಕಲಬುರಗಿ ಜಿಲ್ಲೆಯ ಮಳಖೇಡ ಎನ್ನುವ ಊರು ಅಂದು ಆ ರಾಷ್ಟ್ರಕೂಟ ದೊರೆಯ ರಾಜಧಾನಿ ಮಾನ್ಯಖೇಟ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. 851ರ ಅರಬ್ಬಿ ಪ್ರವಾಸ ಕಥನವೊಂದು ಜಗತ್ತಿನ ನಾಲ್ವರು ದೊಡ್ಡ ದೊರೆಗಳ ಸಾಲಿನಲ್ಲಿ ಬಾಗ್ದಾದಿನ ಖಲೀಫನ ಜೊತೆಗೆ ಈ ರಾಷ್ಟ್ರಕೂಟ ವಲ್ಲಭನನ್ನೂ ನಿಲ್ಲಿಸುತ್ತದೆ.

ಆ ಬಾಗ್ದಾದಿನಲ್ಲಿ, ಇದಕ್ಕೆ ಕೆಲವೇ ದಶಕ ಮೊದಲು, ಅಲ್ ಖ್ವಾರಿಜ್ಮಿ ಬರೆದ ಪುಸ್ತಕವೇ ಯುರೋಪಿಗೆ ಬೀಜಗಣಿತ ಕಲಿಸಿತು. ಆತನೂ ಪೀಠಿಕೆಯಲ್ಲೇ ಉಪಯೋಗ ಹೇಳಿದ್ದಾನೆ: ಆಸ್ತಿ ಪಾಲು, ವ್ಯಾಜ್ಯ, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವುದು. ಪುಸ್ತಕದ ಅರ್ಧದಷ್ಟು ಬರೀ ಆಸ್ತಿ ಹಂಚಿಕೆ. ಒಬ್ಬ ಹೆಂಗಸು ಗಂಡ, ಒಬ್ಬ ಮಗ, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಾಳೆ. ಸಾಲದ್ದಕ್ಕೆ ಹೊರಗಿನವನೊಬ್ಬನಿಗೆ ಎಂಟನೇ ಒಂದು ಮತ್ತು ಏಳನೇ ಒಂದು ಪಾಲು ಬರೆದಿಟ್ಟಿದ್ದಾಳೆ. ಆಸ್ತಿಯನ್ನು 1,120 ಪಾಲು ಮಾಡಿದರೆ ಹೊರಗಿನವನಿಗೆ 300, ಗಂಡನಿಗೆ 205, ಮಗನಿಗೆ 246, ಹೆಣ್ಣುಮಕ್ಕಳಿಗೆ ತಲಾ 123. ಅಪ್ಪನ ಈಗಿನ ವಯಸ್ಸು ಮಗನ ವಯಸ್ಸಿನ ಮೂರರಷ್ಟು ಎಂಬ ನಮ್ಮ ಪಠ್ಯದ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು. ಮಗನ ವಯಸ್ಸು ತಿಳಿಯಲು ಸಮೀಕರಣ ಹೂಡುವ ಅಪ್ಪ ಯಾವ ಊರಲ್ಲಿದ್ದಾನೆ?

ಮಗಳಿಗೆ ಮಳಖೇಡವೂ ಬೇಡ, ಬಾಗ್ದಾದೂ ಬೇಡ. ಅವಳಿಗೆ ಬೇಕಿದ್ದುದು ಈಗಿನ ಮಾತು. ಅದು ಸಿಕ್ಕಿದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಫ್ಯಾನಿನ ಬೆಲೆ ಜಿಎಸ್‌ಟಿ ಸೇರಿ 2,950 ರೂಪಾಯಿ, ತೆರಿಗೆ ಶೇ. 18. ಮೂಲ ಬೆಲೆ ಎಷ್ಟು ಎಂದು ಅವಳು ಮೊಬೈಲಿನಲ್ಲೇ 2,950ರ ಶೇ. 18 ಕಳೆದು 2,419 ಎಂದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಅಂಗಡಿಯ ಹುಡುಗ ಕ್ಯಾಲ್ಕುಲೇಟರಿನಲ್ಲಿ 2,950ನ್ನು 1.18ರಿಂದ ಭಾಗಿಸಿ 2,500 ಎಂದು ಬಿಲ್ಲಿಗೆ ಹಾಕಿದ. "ನೂರು ರೂಪಾಯಿ ಮಾಲು ನೂರಾ ಹದಿನೆಂಟಾಗಿರುತ್ತೆ ಮೇಡಂ. ವಾಪಸ್ ಬರೋವಾಗ್ಲೂ ಅದೇ ದಾರೀಲಿ ಬರ್ಬೇಕು." ಎಕ್ಸ್ ಎಂಬ ಅಕ್ಷರ ಎಲ್ಲೂ ಬರಲಿಲ್ಲ. ಬೀಜಗಣಿತ ಮಾತ್ರ ಪೂರಾ ನಡೆದುಹೋಯಿತು.

ಈ ಲೇಖಕ ಕೆಲಸ ಮಾಡಿದ ಆಫೀಸುಗಳಲ್ಲೂ ಹೀಗೇ. ದಿನವಿಡೀ ಎಕ್ಸೆಲ್ ಹಾಳೆಯಲ್ಲಿ ಬಿ2 ಇಂಟು ಸಿ2 ಎಂದು ಸೂತ್ರ ಬರೆದು ಕೆಳಕ್ಕೆ ಎಳೆಯುವವರೇ, ಸ್ಕೂಲಲ್ಲಿ ಕಲಿತ ಆಲ್ಜೀಬ್ರಾ ಒಂದು ದಿನಕ್ಕೂ ಕೆಲಸಕ್ಕೆ ಬರಲಿಲ್ಲ ಅನ್ನುತ್ತಾರೆ. ಆ ಹಾಳೆಯ ಹಿರಿಯಣ್ಣ ವಿಸಿಕ್ಯಾಲ್ಕ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಹಾರ್ವರ್ಡಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಅದನ್ನು ಯೋಚಿಸಿದ್ದು ತರಗತಿಯ ಕಪ್ಪುಹಲಗೆ ನೋಡಿ: ಒಂದು ಅಂಕಿ ಬದಲಾದರೆ ಅದಕ್ಕೆ ಅಂಟಿಕೊಂಡ ಎಲ್ಲವನ್ನೂ ಅಳಿಸಿ ಬರೆಯಬೇಕಿತ್ತು. ಅಂಕಿ ಯಾವುದೇ ಬರಲಿ, ಸಂಬಂಧ ಇದು ಎಂದು ಒಮ್ಮೆ ಬರೆದಿಟ್ಟರೆ ಆ ಕಷ್ಟವಿಲ್ಲ.

ವರ್ಗ ಸಮೀಕರಣದ ವಿಷಯಕ್ಕೆ ಬಂದರೆ ವಕಾಲತ್ತು ಇಷ್ಟು ಸಲೀಸಲ್ಲ. ಎಂಜಿನಿಯರುಗಳನ್ನು ಬಿಟ್ಟರೆ ಉಳಿದವರಿಗೆ ಶಾಲೆ ಮುಗಿದ ಮೇಲೆ ಅದರ ಮುಖ ಕಂಡದ್ದಿಲ್ಲ. ಬುದ್ಧಿ ಚುರುಕಾಗುತ್ತದೆ ಎಂಬ ಸಮಜಾಯಿಷಿಯನ್ನು ಚದುರಂಗದವರೂ ಕೊಡುತ್ತಾರೆ, ಸಂಸ್ಕೃತದವರೂ ಕೊಡುತ್ತಾರೆ. ಮಗಳಿಗೆ ಅದನ್ನು ಹೇಳುವ ಧೈರ್ಯ ಈ ಲೇಖಕನಿಗಿರಲಿಲ್ಲ. ಬದಲಿಗೆ ಅಲ್ ಖ್ವಾರಿಜ್ಮಿಯ ಹೆಸರಾಂತ ಲೆಕ್ಕವೊಂದನ್ನು ಅವಳ ಗ್ರಾಫ್ ಪುಸ್ತಕದಲ್ಲಿ ಬಿಡಿಸಿ ತೋರಿಸಿದ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತರಷ್ಟನ್ನು ಕೂಡಿಸಿದರೆ 39; ಸಂಖ್ಯೆ ಯಾವುದು? ಮೊದಲು ಒಂದು ಚೌಕ. ಹತ್ತರಷ್ಟನ್ನು ಐದೈದು ಅಗಲದ ಎರಡು ಪಟ್ಟಿ ಮಾಡಿ ಚೌಕದ ಬಲಕ್ಕೊಂದು, ಕೆಳಕ್ಕೊಂದು ಅಂಟಿಸಿದ್ದಾಯಿತು. ಮೂಲೆಯೊಂದು ಖಾಲಿ ಉಳಿಯಿತು. ಅಲ್ಲಿಗೆ ಬೇಕಾದದ್ದು ಐದೈದಲಿ ಇಪ್ಪತ್ತೈದು. 39ಕ್ಕೆ 25 ಸೇರಿ 64, ದೊಡ್ಡ ಚೌಕದ ಬದಿ 8, ಅದರಲ್ಲಿ 5 ಕಳೆದರೆ 3.

"ಫಾರ್ಮುಲಾ ಇಲ್ಲಿಂದ ಬಂತಾ?" ಎಂದಳು. ಉಪಯೋಗದ ಪ್ರಶ್ನೆಯನ್ನು ಅವಳೇನೂ ಹಿಂದಕ್ಕೆ ಪಡೆಯಲಿಲ್ಲ. ಆದರೆ ಪುಟ ತಿರುವಿ, ಹತ್ತರ ಬದಲು ಆರು, 39ರ ಬದಲು 16 ಎಂದು ತಾನೇ ಲೆಕ್ಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಖಾಲಿ ಮೂಲೆಗೆ ಒಂಬತ್ತು ತುಂಬತೊಡಗಿದಳು.