ಸೆರಗು ಕೂಡುವ ಜಾಗ

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಮಗ್ಗ ಕಾಣುವ ಮೊದಲೇ ಕೇಳಿಸುತ್ತದೆ. ಒಂದು ಮನೆಯಿಂದ ಪವರ್‌ಲೂಮಿನ ಎಡೆಬಿಡದ ಸದ್ದು, ಇನ್ನೊಂದರಿಂದ ಕುಣಿಮಗ್ಗದ ಟಕ್‌ಟಕ್. ಕುಣಿಯಲ್ಲಿ ಕಾಲಿಳಿಸಿ ಕೂತ ನೇಕಾರ ಲಾಳಿ ಎಳೆದು, ಹಣಿಗೆ ಬಡಿದು, ಹರಿದ ಎಳೆ ಕಂಡರೆ ನಿಲ್ಲುತ್ತಾನೆ. ಆ ನಿಲುಗಡೆಯಿರುವ ಸದ್ದೇ ನನಗೆ ಹಿತ.

ಇಳಕಲ್ ಸೀರೆಯ ಜೀವ ಸೆರಗು ಮೈಗೆ ಕೂಡುವ ಜಾಗದಲ್ಲಿದೆ. ಮೈಯ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಬೇರೆಬೇರೆ ಸಿದ್ಧಮಾಡಿ, ಮೈಯ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ತೋಪ ತೆನಿ ಎಂಬ ಈ ಸೆರಗು ಬೇಕೆಂದರೆ ಸೀರೆಗೊಂದು ಹಾಸು ಹೂಡಲೇಬೇಕು. ಉದ್ದಕ್ಕೆ ಹಾಸಿ ಸಾಲಾಗಿ ಹತ್ತು ಸೀರೆ ನೇಯುವಂತಿಲ್ಲ. ಮಗ್ಗಕ್ಕೆ ಮೊದಲಿನ ಈ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ನೂಲು ಸುತ್ತಿ, ಕಂಡಿಕೆ ತುಂಬಿ, ಹಾಸು ಸಿದ್ಧಮಾಡುವ ಆ ಕೈಗಳಿಗೆ ಸಲ್ಲಬೇಕಾದ ಹೊಗಳಿಕೆ ಇನ್ನೂ ಸಂದಿಲ್ಲ.

ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಕೋಟೆಯ ಗೋಡೆಯ ಹಲ್ಲುಗಳ ಹಾಗೆ ಎದುರುಬದುರು ನಿಲ್ಲುತ್ತವೆ. ಅಂಚಿನ ವಿನ್ಯಾಸಗಳು ಗೋಮಿ, ಪರಾಸ್‌ಪೇಟಿ, ಗಾಡಿ. ಕಪ್ಪು ಮೈಯ ಚಂದ್ರಕಾಳಿ ಸೀರೆಗೆ ಧಾರವಾಡ ಕಡೆಯ ಕಸೂತಿ ಬಿದ್ದು, ಆನೆ, ತೇರು, ಗೋಪುರ ಮೂಡಿದರೆ ಮತ್ತೆ ಒಡವೆ ಬೇಡ. ಜೋಡಿಗೆ ಗುಳೇದಗುಡ್ಡದ ಖಣದ ಕುಪ್ಪಸ. ಈ ಸೀರೆ ಉಡುವವರು ಮಹಾರಾಷ್ಟ್ರದಲ್ಲೂ ಬಹಳ.

ಬಾಗಲಕೋಟೆ ಜಿಲ್ಲೆಯ ಈ ಊರಿನಿಂದ ಕೆಂಪು ಗ್ರಾನೈಟೂ ದೂರದೇಶಕ್ಕೆ ಹೋಗುತ್ತದೆ. ಆದರೆ ನನ್ನ ಮನಸ್ಸು ನಿಲ್ಲುವುದು ಇಲ್ಲಿಯ ಜೋಳಿಗೆಯ ಮೇಲೆ. ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಕಾಳಲ್ಲ, ಹಣವಲ್ಲ. ನಿಮ್ಮ ಕುಡಿತ, ನಿಮ್ಮ ತಂಬಾಕು ಇದರಲ್ಲಿ ಹಾಕಿ ಎಂದರು. ಕುಡಿತ ಬಿಟ್ಟ ಮನೆಯಲ್ಲಿ ದುಡಿಮೆಯ ದುಡ್ಡು ಹೆಂಡಿರು ಮಕ್ಕಳ ಕೈಸೇರುತ್ತದೆ. ದುಡಿಯುವವರ ಊರಿನಲ್ಲಿ ಇದಕ್ಕಿಂತ ದೊಡ್ಡ ಭಿಕ್ಷೆ ಯಾವುದು?

ಇಲ್ಲಿಯ ಸೀರೆ ಅಂಗಡಿಗೆ ಹೋದರೆ ಒಳ್ಳೆ ಗಿರಾಕಿಯಾಗಿ ಹೋಗಿ. "ಕೈಮಗ್ಗದ್ದು ತೋರಸ್ರಿ, ತೋಪ ತೆನಿ ಸೆರಗಿಂದು" ಅನ್ನಿ. ಸೀರೆ ಬಿಚ್ಚಿಸಿ, ಸೆರಗು ಮೈಗೆ ಕೂಡುವ ಗೆರೆಯ ಮೇಲೆ ಬೆರಳಾಡಿಸಿ. ಕೊಂಡಿಗಳು ಕೈಗೆ ಸಿಕ್ಕಿದ ಮೇಲೆ ಬೆಲೆ ಕೇಳಿ. ಚೌಕಾಸಿ ಮಾತ್ರ ಬೇಡ.