ಅರಳಿ ಎಲೆ

ಆರನೇ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತ ಕೂತಿದ್ದೆ. ಒಂದು ಪುಸ್ತಕದ ಕೊನೆಯ ಹಾಳೆ ತಿರುವಿದರೆ ಅಲ್ಲಿ ನಾನೇ! ಕೊಬ್ಬರಿ ಗಿಟುಕಿನಂಥ ತುರುಬು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ನನಗಿಂತ ಉದ್ದದ ಛತ್ರಿ. ನೋಡಿ ನಗು ಬಂತು. ಅದರ ಹಿಂದೆಯೇ ಎದೆಯಲ್ಲಿ ಏನೋ ಚುಚ್ಚಿತು.

ಇಪ್ಪತ್ತು ವರ್ಷದ ಹಿಂದೆ ಇಂಥದೇ ಚಿತ್ರ ಬರೆದಿದ್ದ ಹುಡುಗನೊಬ್ಬನ ಹಾಳೆಯನ್ನು ಇಡೀ ತರಗತಿಯ ಎದುರಿಗೇ ಹರಿದು ಹಾಕಿದ್ದೆ. "ಓದಾಕೆ ಬಂದಿದೀಯೋ, ಗೀಚಾಕೆ ಬಂದಿದೀಯೋ?" ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆಗ ನನಗೆ ಶಿಸ್ತಿನ ಹುಚ್ಚು. ಅಂದಿನಿಂದ ಅವನು ಚಿತ್ರ ಬರೆದದ್ದನ್ನು ನಾನು ಕಾಣಲಿಲ್ಲ. ವಿಜ್ಞಾನದ ಪುಸ್ತಕದ ದಾಸವಾಳವನ್ನೂ ಪಕ್ಕದವನ ಕೈಲಿ ಬರೆಸುತ್ತಿದ್ದ.

ತಮಾಷೆಯೆಂದರೆ, ನಾನು ಬೆಳೆದದ್ದೇ ಒಬ್ಬ ಗೀಚುವವರನ್ನು ಮೆಚ್ಚಿಕೊಂಡು. 1980ರ ದಶಕದಲ್ಲಿ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರುವಾಗ ಪಕ್ಕದ ಮನೆಯ ಟಿ.ವಿ. ಮುಂದೆ ಬೀದಿಯ ಹೆಣ್ಣುಮಕ್ಕಳೆಲ್ಲ ಸೇರುತ್ತಿದ್ದೆವು. ಹಿಂದಿ ಅರ್ಧಂಬರ್ಧ. ಆದರೆ ಶುರುವಿನಲ್ಲಿ ಮೂಡುವ ಆರ್.ಕೆ. ಲಕ್ಷ್ಮಣರ ಗೆರೆಗಳಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ನಮ್ಮ ನ್ಯಾಮತಿಯ ಪೇಟೆಯ ಮುಖಗಳೇ ಅಲ್ಲಿ ಓಡಾಡಿದಂತೆ ಕಾಣುತ್ತಿತ್ತು.

ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಅಣ್ಣ ನಾರಾಯಣರ ಕಥೆಗಳಿಗೂ ರಾ.ಶಿ.ಯವರ 'ಕೊರವಂಜಿ'ಗೂ ಚಿತ್ರ ಬರೆದರು. 1951ರಿಂದ 'ಟೈಮ್ಸ್ ಆಫ್ ಇಂಡಿಯಾ'ದ ಪುಟ್ಟ ಚೌಕದಲ್ಲಿ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಆತ ಬಾಯಿ ತೆರೆಯದೆಯೇ ದೇಶವನ್ನೆಲ್ಲ ನಗಿಸಿದ. ಎಂಥ ದೊಡ್ಡವರ ಮೂಗನ್ನೂ ಉದ್ದ ಮಾಡಿದ ಲಕ್ಷ್ಮಣರು 2015ರಲ್ಲಿ ತೀರಿಕೊಂಡಾಗ, ನಮ್ಮ ಮನೆಯವರನ್ನೇ ಕಳೆದುಕೊಂಡಂತೆ ಬೇಜಾರಾಗಿತ್ತು.

ಹೋದ ಬೇಸಿಗೆ ರಜೆಯಲ್ಲಿ ಮನೆಯವರೊಂದಿಗೆ ಸವಳಂಗ, ಶಿವಮೊಗ್ಗ ದಾಟಿ ಅರಸಾಳಿಗೆ ಹೋಗಿದ್ದೆ. ಶಿವಮೊಗ್ಗ–ತಾಳಗುಪ್ಪ ರೈಲುದಾರಿಯ ಪುಟ್ಟ ಊರು. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ನಿಂತಾಗ ಲಕ್ಷ್ಮಣರು ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡ ಒಂದು ಸಂಗತಿ ನೆನಪಾಯಿತು. ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಒಂದು ಎಲೆಯ ಚಿತ್ರ ಬರೆಯಲು ಹೇಳಿದರಂತೆ. ಪುಟ್ಟ ಲಕ್ಷ್ಮಣ ಬರೆದದ್ದು ಅರಳಿ ಎಲೆ. ಮೇಷ್ಟ್ರು ಅದನ್ನು ಮೆಚ್ಚಿ, ಮುಂದೆ ನೀನು ಚಿತ್ರಕಾರನಾಗುತ್ತೀಯ ಎಂದರಂತೆ. ದೊಡ್ಡವನಾದ ಮೇಲೆ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ. ಆದರೂ ಆ ಕೈ ನಿಲ್ಲಲಿಲ್ಲ. ಮೇಷ್ಟರ ಆ ಒಂದು ಮಾತು ಒಳಗೆಲ್ಲೋ ಹಸಿರಾಗಿತ್ತೇನೋ.

ನಾನು ಹರಿದದ್ದೂ ಒಂದು ಅರಳಿ ಎಲೆಯೇ ಆಗಿದ್ದರೆ? ಊರಿಗೆ ಮರಳಿದ ಮೇಲೂ ಈ ಯೋಚನೆ ನನ್ನನ್ನು ಬಿಡಲಿಲ್ಲ.

ಈ ಸಲ ನಾನು ಹಾಳೆ ಹರಿಯಲಿಲ್ಲ. ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು ಅಂಕ ಹಾಕಿದೆ. ಆ ಹುಡುಗಿ ಮೊದಲು ಹೆದರಿ, ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳನ್ನು ಕೇಳಿ ಪುಸ್ತಕ ತೆಗೆದುಕೊಂಡು ಸಂಜೆ ನನ್ನ ಹಳೆಯ ಶಿಷ್ಯನ ಸೈಕಲ್ ಅಂಗಡಿಗೆ ಹೋದೆ.

"ಅವತ್ತು ನಿನ್ನ ಚಿತ್ರ ನಾನು ಹರೀಬಾರದಿತ್ತಪ್ಪಾ," ಎಂದೆ.

ಅವನು ಉತ್ತರ ಕೊಡಲಿಲ್ಲ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಪುಸ್ತಕ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಚೆನ್ನಾಗಿ ಬರ್ದಾಳೆ ಟೀಚರ್. ಆದ್ರೆ ನೀವು ಛತ್ರಿ ಎಡಗೈಯಾಗೆ ಹಿಡೀತೀರಿ. ಈಕಿ ಬಲಗೈಗೆ ಕೊಟ್ಟಾಳೆ."