ನಾಯಿಗೆ ಬಾಚಣಿಗೆ ಕೊಳ್ಳುವ ಮುನ್ನ
ಅಂಗಡಿಗೆ ಹೋಗುವ ಮೊದಲು ನಾಯಿಯ ಮೈಮೇಲೆ ಕೈಯಾಡಿಸಿ ನೋಡಿ. ಮುಧೋಳ ನಾಯಿಯದು ಗಿಡ್ಡ ಕೂದಲು, ತೆಳು ಚರ್ಮ. ಮೆತ್ತನೆಯ ರಬ್ಬರ್ ಬ್ರಷ್ ಸಾಕು. ತಂತಿಹಲ್ಲಿನದು ಗೀರುತ್ತದೆ. ಪೊಮೆರೇನಿಯನ್‌ಗೆ ಎರಡು ಪದರದ ಕೂದಲು. ಮೇಲೆ ನುಣುಪಾಗಿ ಕಂಡರೂ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಕಟ್ಟಿರುತ್ತದೆ. ಅಲ್ಲಿಗೆ ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆಯೇ ಬೇಕು. ಯಾವುದೇ ಇರಲಿ, ನಿಮ್ಮ ಮುಂಗೈ ಮೇಲೆ ಒಮ್ಮೆ ಎಳೆದು ನೋಡಿ. ನಿಮಗೆ ಚುಚ್ಚಿದ್ದು ನಾಯಿಗೂ ಚುಚ್ಚುತ್ತದೆ.

ಬಾಚಣಿಗೆಯ ಜೊತೆಗೆ ಉಗುರು ಕತ್ತರಿಯನ್ನೂ ಕೊಳ್ಳುವುದಾದರೆ, ಅದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ನಾಯಿಯ ಉಗುರಿನೊಳಗೆ ರಕ್ತನಾಳವೂ ನರವೂ ಇವೆ; ಕಪ್ಪು ಉಗುರಿನಲ್ಲಿ ಅವು ಕಾಣುವುದೇ ಇಲ್ಲ. ಮೊಂಡು ಅಲಗು ಉಗುರನ್ನು ಜಜ್ಜಿಬಿಡುತ್ತದೆ. ಒಮ್ಮೆ ನೋವುಂಡ ನಾಯಿ ಆಮೇಲೆ ಕಾಲು ಮುಟ್ಟಗೊಡುವುದು ಕಷ್ಟ, ಪಾಪ. ಹರಿತವಾದದ್ದನ್ನೇ ಕೊಳ್ಳಿ, ತುದಿಯಷ್ಟೇ ಕತ್ತರಿಸಿ.